ಮಳೆಗಾಲದ ಊರಿನಲ್ಲಿ ತಿಂಗಳ ಸಾಮಾನು: ಅಂಗಡಿಯಲ್ಲಿ ಏನು ನೋಡಬೇಕು, ಎಷ್ಟು ತರಬೇಕು

ಮಲೆನಾಡಿನಲ್ಲಿ ದಿನಸಿಯ ಮೊದಲ ಶತ್ರು ತೇವ. ಹುಳ, ಬೂಸ್ಟು, ಮುಗ್ಗಲು ವಾಸನೆ, ಗಂಟು ಕಟ್ಟಿದ ಕಾಫಿ ಪುಡಿ ಇವೆಲ್ಲ ಅದರ ಹಿಂದೆ ಬರುವ ಪರಿವಾರ. ಬಯಲುಸೀಮೆಯಿಂದ ವರ್ಗವಾಗಿ ಶಿವಮೊಗ್ಗಕ್ಕೆ ಬಂದವರು ಅಲ್ಲಿಯ ಅಭ್ಯಾಸದಂತೆ ಜುಲೈನಲ್ಲೂ ಐದು ಕೆಜಿ ರವೆ ತಂದಿಟ್ಟು, ತಿಂಗಳೊಳಗೆ ಅರ್ಧ ಚೆಲ್ಲುವುದು ಹೊಸದೇನಲ್ಲ. ಶಿವಮೊಗ್ಗ ಪೇಟೆಯಲ್ಲಿ ಇನ್ನೂ ಪರವಾಗಿಲ್ಲ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಹೋದಷ್ಟೂ ಗಾಳಿಯಲ್ಲಿ ತೇವ ಹೆಚ್ಚು, ಸಾಮಾನು ತಡೆಯುವ ದಿನ ಕಡಿಮೆ. ಹಾಗಾಗಿ ಇಲ್ಲಿ ಬೆಲೆ ಕೇಳುವ ಮೊದಲು ಎರಡು ವಿಷಯ ತಿಳಿದುಕೊಳ್ಳಬೇಕು: ಸರಕು ಚೆನ್ನಾಗಿ ಒಣಗಿದೆಯೇ, ಅಂಗಡಿಗೆ ಬಂದು ಎಷ್ಟು ದಿನವಾಯಿತು.

ಅಂಗಡಿ ಆರಿಸುವುದು

ದೊಡ್ಡ ಅಂಗಡಿ ಎಂದಾಕ್ಷಣ ಒಳ್ಳೆಯ ಅಂಗಡಿ ಆಗಬೇಕೆಂದಿಲ್ಲ. ಸರಕು ಬೇಗ ಖರ್ಚಾಗುವ ಕಡೆ ಕೊಳ್ಳಿ. ಮೂಟೆ ಲೆಕ್ಕದಲ್ಲಿ ಅಕ್ಕಿ, ಐದು ಕೆಜಿ ಮೇಲ್ಪಟ್ಟು ಬೇಳೆ, ವರ್ಷದ ಮೆಣಸಿನಕಾಯಿ ಬೇಕಾದರೆ ಗಾಂಧಿ ಬಜಾರ್ ಕಡೆ ಹೋಗುವುದು ಲಾಭ. ತಿಂಗಳ ಸಾಮಾನಿಗೆ ವಿನೋಬನಗರ, ಗೋಪಾಳ, ದುರ್ಗಿಗುಡಿಯಂಥ ಬಡಾವಣೆಯ ದಿನಸಿ ಅಂಗಡಿಯೇ ಸಾಕು. ಸೂಪರ್ ಮಾರ್ಕೆಟ್ಟಿನಲ್ಲಿ ಪ್ಯಾಕೆಟ್ ಸಾಮಾನು ಕೊಳ್ಳಲು ಅಡ್ಡಿಯಿಲ್ಲ. ಆದರೆ ಬಿಡಿ ಮೆಣಸಿನಕಾಯಿ, ಹುಳಿ, ಬೆಲ್ಲಕ್ಕೆ ಹಳೆಯ ದಿನಸಿ ಅಂಗಡಿಯವರ ಕಣ್ಣು ಪಳಗಿರುತ್ತದೆ.

ಒಳಗೆ ಕಾಲಿಟ್ಟಾಗ ಮೊದಲು ಮೂಗಿಗೆ ಕೆಲಸ ಕೊಡಿ. ಮುಗ್ಗಲು ವಾಸನೆ ಬಂದರೆ ಅಲ್ಲಿ ಬಿಡಿ ಸಾಮಾನು ಬೇಡ. ಆಮೇಲೆ ಮೂಟೆಗಳನ್ನು ನೋಡಿ. ನೆಲದ ಮೇಲೆ ನೇರವಾಗಿ ಇಟ್ಟಿದ್ದರೆ, ಗೋಡೆಗೆ ಒತ್ತಿ ಪೇರಿಸಿದ್ದರೆ, ಅಡಿಯ ಮೂಟೆ ಮಳೆಗಾಲದಲ್ಲಿ ತೇವ ಹೀರಿರುತ್ತದೆ. ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಟ್ಟಿರಬೇಕು. ಬೇಳೆಯ ಡಬ್ಬದಲ್ಲಿ ಹಳೆಯದು ಮುಗಿಯುವ ಮೊದಲೇ ಮೇಲೆ ಹೊಸದು ಸುರಿಯುವ ಅಂಗಡಿಯಾದರೆ ತಳದ ಮಾಲು ಎಂದೂ ಖಾಲಿಯಾಗುವುದಿಲ್ಲ. ಹುಳ ಅಲ್ಲಿಂದಲೇ ಮೇಲೆ ಬರುತ್ತದೆ. ಊದುಬತ್ತಿ, ಸೋಪು, ನುಸಿಗುಳಿಗೆಗಳ ಪಕ್ಕದಲ್ಲೇ ಚಹಾ ಪುಡಿ ಮತ್ತು ಹಿಟ್ಟು ಇಟ್ಟಿದ್ದರೂ ಬೇರೆ ಕಡೆ ನೋಡುವುದು ಮೇಲು, ಎರಡೂ ವಾಸನೆ ಹೀರುವ ಪದಾರ್ಥಗಳು.

ಅಂಗಡಿಯವರ ಸ್ವಭಾವ ತಿಳಿಯಲು ಒಂದು ಮಾತು ಸಾಕು. "ಅಣ್ಣಾ, ಈ ತೊಗರಿಬೇಳೆ ಯಾವಾಗ ಬಂದಿದ್ದು?" ಎಂದು ಕೇಳಿ. "ಎಲ್ಲಾ ಫ್ರೆಶ್ಶೇ ಅಕ್ಕಾ" ಎನ್ನುವವರು ಒಂದು ಬಗೆ. "ಇದು ಹೋದ ತಿಂಗಳದ್ದು, ಅರ್ಧ ಕೆಜಿ ತಗೊಂಡು ಹೋಗಿ, ನಾಡಿದ್ದು ಲೋಡ್ ಬರುತ್ತೆ" ಎನ್ನುವವರು ಇನ್ನೊಂದು ಬಗೆ. ಈ ಎರಡನೆಯವರ ಅಂಗಡಿ ನಾಲ್ಕು ರೂಪಾಯಿ ದುಬಾರಿಯಾದರೂ ಬಿಡಬೇಡಿ.

ಹೋಗುವ ಹೊತ್ತೂ ಮುಖ್ಯ. ಒಂದನೇ ತಾರೀಕಿನಿಂದ ಹತ್ತರವರೆಗೆ, ಸಂಜೆ ಆರರಿಂದ ಎಂಟರವರೆಗೆ ನೂಕುನುಗ್ಗಲು. ಹಗಲು ಹನ್ನೊಂದರ ಸುಮಾರಿಗೆ ಅಥವಾ ಮಧ್ಯಾಹ್ನ ಮೂರರ ಮೇಲೆ ಹೋದರೆ ಡಬ್ಬದಿಂದ ತೆಗೆಸಿ ನೋಡಲು ಬಿಡುವಿರುತ್ತದೆ. ಬೇಳೆ, ಮೆಣಸಿನಕಾಯಿಯ ಬಣ್ಣ ಟ್ಯೂಬ್‌ಲೈಟ್ ಕೆಳಗೆ ಮೋಸ ಮಾಡುತ್ತದೆ. ಒಂದು ಹಿಡಿ ಬಾಗಿಲ ಬೆಳಕಿಗೆ ತಂದು ನೋಡಿ.

ಪಟ್ಟಿ ಬರೆಯುವುದು

ನಾಲ್ಕು ಜನರ ಮನೆಗೆ, ಬೆಳಗಿನ ತಿಂಡಿ ಮತ್ತು ಎರಡು ಹೊತ್ತು ಊಟದ ಲೆಕ್ಕಕ್ಕೆ, ತಿಂಗಳಿಗೆ ಸುಮಾರು ಇಷ್ಟು ಬೇಕಾಗುತ್ತದೆ: ಅಕ್ಕಿ 15ರಿಂದ 18 ಕೆಜಿ (ದೋಸೆ, ಇಡ್ಲಿ, ರೊಟ್ಟಿ ಸೇರಿ), ತೊಗರಿಬೇಳೆ 2 ಕೆಜಿ, ಉದ್ದಿನಬೇಳೆ ಒಂದೂವರೆ ಕೆಜಿ, ಹೆಸರುಬೇಳೆ ಮತ್ತು ಕಡಲೆಬೇಳೆ ಅರ್ಧರ್ಧ ಕೆಜಿ, ಸಕ್ಕರೆ 2 ಕೆಜಿ, ಬೆಲ್ಲ 1 ಕೆಜಿ, ಎಣ್ಣೆ 3 ಲೀಟರ್, ಒಣಮೆಣಸಿನಕಾಯಿ 300 ಗ್ರಾಂ, ಕೊತ್ತಂಬರಿ ಬೀಜ 300 ಗ್ರಾಂ, ಜೀರಿಗೆ ಮತ್ತು ಸಾಸಿವೆ ತಲಾ 100 ಗ್ರಾಂ, ಮೆಂತ್ಯ 50 ಗ್ರಾಂ, ಕಾಳುಮೆಣಸು 50 ಗ್ರಾಂ, ಹುಳಿ 300 ಗ್ರಾಂ, ಉಪ್ಪು ಒಂದೂವರೆ ಕೆಜಿ. ನಿಮ್ಮ ಮನೆಯ ಲೆಕ್ಕ ಇದಕ್ಕಿಂತ ಬೇರೆಯೇ ಇರುತ್ತದೆ. ಎರಡು ತಿಂಗಳು ಡಬ್ಬ ಖಾಲಿಯಾದ ತಾರೀಕನ್ನು ಮುಚ್ಚಳದ ಮೇಲೆ ಬರೆದಿಟ್ಟರೆ ಸರಿಯಾದ ಲೆಕ್ಕ ಸಿಗುತ್ತದೆ.

ಪಟ್ಟಿಯಲ್ಲಿ "ರವೆ 1 ಕೆಜಿ" ಎಂದಷ್ಟೇ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಮನೆಗೆ ಬರುವುದು ಅವರ ಇಷ್ಟದ ರವೆ. ಉಪ್ಪಿಟ್ಟಿಗೆ ಮೀಡಿಯಂ ಅಥವಾ ಬನ್ಸಿ, ಕೇಸರಿಬಾತು ಮತ್ತು ಹೋಳಿಗೆ ಕಣಕಕ್ಕೆ ಚಿರೋಟಿ, ಇಡ್ಲಿಗೆ ಇಡ್ಲಿ ರವೆ. ಕೊನೆಯದು ಅಕ್ಕಿಯದು, ಗೋದಿಯದಲ್ಲ. ಅವಲಕ್ಕಿಯೂ ಹಾಗೆಯೇ: ಒಗ್ಗರಣೆಗೆ ಗಟ್ಟಿ ಅಥವಾ ಮೀಡಿಯಂ, ಹಚ್ಚಿದ ಅವಲಕ್ಕಿಗೆ ಪೇಪರ್. ಬೇಳೆ, ಅಕ್ಕಿ, ಮೆಣಸಿನಕಾಯಿಗಳ ಮುಂದೆ ಬಗೆಯನ್ನೂ ಬರೆಯಿರಿ. ಮನೆಗೆ ತಲುಪಿಸುವ ವ್ಯವಸ್ಥೆ ಪ್ಯಾಕೆಟ್ ಸಾಮಾನಿಗೆ, ಅಕ್ಕಿ ಮೂಟೆಗೆ ಸರಿ; ಬಿಡಿ ಸಾಮಾನು ಮೊದಲ ಕೆಲವು ತಿಂಗಳಾದರೂ ನೀವೇ ನೋಡಿ ತನ್ನಿ.

ವರ್ಷದಲ್ಲಿ ಒಂದು ಪಟ್ಟಿ ಮಾತ್ರ ಬೇರೆ: ಮೇ ತಿಂಗಳದ್ದು. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ, ಆಮೇಲೆ ಬಿಸಿಲು ನಂಬುವ ಹಾಗಿಲ್ಲ. ಮೇ ಎರಡನೇ ವಾರದೊಳಗೆ ಮೆಣಸಿನಕಾಯಿ, ಕೊತ್ತಂಬರಿ, ಹುಳಿ, ತೊಗರಿಬೇಳೆ, ಹಪ್ಪಳ, ಕಲ್ಲುಪ್ಪು ಇಷ್ಟನ್ನು ನಾಲ್ಕು ತಿಂಗಳಿಗಾಗುವಷ್ಟು ತಂದು, ಎರಡು ದಿನ ಖಾರ ಬಿಸಿಲಿಗೆ ಹಾಕಿ, ಆರಿದ ಮೇಲೆ ತುಂಬಿಡುವುದು ಇಲ್ಲಿಯ ಹಳೆಯ ಪದ್ಧತಿ. ಬಿಸಿ ಇರುವಾಗಲೇ ಡಬ್ಬ ಮುಚ್ಚಿದರೆ ಒಳಗೆ ಬೆವರು ಕಟ್ಟುತ್ತದೆ, ಒಣಗಿಸಿದ ಶ್ರಮ ದಂಡ. ಅದೇ ಹೊತ್ತಿಗೆ ರವೆ, ಮೈದಾ, ಕಡಲೆಹಿಟ್ಟು, ಅವಲಕ್ಕಿ, ಶೇಂಗಾ, ಕೊಬ್ಬರಿ, ಕಾಫಿ ಪುಡಿ ಇವನ್ನು ಎಷ್ಟು ಅಗ್ಗವಿದ್ದರೂ ದಾಸ್ತಾನು ಮಾಡಬೇಡಿ. ಮಳೆಗಾಲದಲ್ಲಿ ಇವು ಹದಿನೈದು ದಿನಕ್ಕಾಗುವಷ್ಟು ಮಾತ್ರ.

ಅಕ್ಕಿ

ಅನ್ನಕ್ಕೆ ಹಳೆ ಅಕ್ಕಿ, ರೊಟ್ಟಿ ಕಡುಬಿಗೆ ಹೊಸ ಅಕ್ಕಿ. ಕಟಾವಾಗಿ ವರ್ಷ ಕಳೆದ ಅಕ್ಕಿ ನೀರು ಹೆಚ್ಚು ಕುಡಿಯುತ್ತದೆ, ಅನ್ನ ಉದುರಾಗಿ ಬರುತ್ತದೆ. ಹೊಸದು ಅಂಟುತ್ತದೆ, ಅದೇ ಅಂಟು ರೊಟ್ಟಿ ತಟ್ಟುವಾಗ ಅನುಕೂಲ. ಕುಕ್ಕರಿನಲ್ಲಿ ಒಂದು ಪಾವಿಗೆ ಹಳೆಯದಾದರೆ ಎರಡೂವರೆ, ಹೊಸದಾದರೆ ಎರಡು ಪಾವು ನೀರಿನಿಂದ ಶುರುಮಾಡಿ. ಅಂಗಡಿಯಲ್ಲಿ ಕಾಳು ಹಲ್ಲಿನಲ್ಲಿ ಕಡಿದು ನೋಡಿ. ಹಳೆಯದು ಟಕ್ಕೆಂದು ಮುರಿಯುತ್ತದೆ, ಹೊಸದು ಸ್ವಲ್ಪ ಮೆತ್ತಗೆ ಪುಡಿಯಾಗುತ್ತದೆ. ಅಂಗೈಗೆ ಹಾಕಿ ಉಜ್ಜಿದಾಗ ಬಿಳಿ ಪುಡಿ ಜಾಸ್ತಿ ಅಂಟಿದರೆ ಹುಳ ತಿಂದ ಹಿಟ್ಟೋ ಎಂದು ನೋಡಿ. ಮುಷ್ಟಿಯಲ್ಲಿ ಹಿಡಿದು ಊದಿದರೆ ಹುಳದ ಬಲೆಯೂ ಕಾಣಿಸುತ್ತದೆ. ನುಚ್ಚು ಎಷ್ಟಿದೆ ಎಂದು ಮೂಟೆಯ ಮೇಲ್ಭಾಗ ನೋಡಿ ಹೇಳಲಾಗದು, ನುಚ್ಚು ತಳಕ್ಕಿಳಿಯುತ್ತದೆ.

26 ಕೆಜಿಯ ಚೀಲ ಯಾಕೆ ಬಂತು ಎಂದು ಕೇಳುವವರಿದ್ದಾರೆ. 2022ರ ಜುಲೈನಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ 5% ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೂ ಬಿಡಿ ಮಾಲಿಗೂ ಇಲ್ಲ. ಹಾಗಾಗಿ 25ರ ಚೀಲ ಮತ್ತು 26ರ ಚೀಲವನ್ನು ಕೆಜಿ ದರಕ್ಕೆ ಇಳಿಸಿಯೇ ಹೋಲಿಸಬೇಕು.

ಬೇಳೆ

ತೊಗರಿಯ ಹೊಸ ಬೆಳೆ ಕಲಬುರಗಿ ಕಡೆಯಿಂದ ಡಿಸೆಂಬರ್ ಕೊನೆಯಿಂದ ಬರತೊಡಗುತ್ತದೆ. "ಎಷ್ಟು ಸೀಟಿ ಹೊಡೆಸಿದರೂ ಬೇಯುವುದಿಲ್ಲ" ಎಂಬ ದೂರಿಗೆ ಕಾರಣ ಹೆಚ್ಚಾಗಿ ಬೇಳೆಯ ವಯಸ್ಸು. ಶೆಕೆ, ತೇವ ಎರಡೂ ಇರುವ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತ ಬೇಳೆಯ ಒಳಗೆ ನೀರು ಹೊಗುವುದು ನಿಧಾನವಾಗುತ್ತದೆ. ಅಂಥದ್ದನ್ನು ನೆನೆಸಿ ಬೇಯಿಸಬಹುದು, ರುಚಿ ಮಾತ್ರ ಹೊಸದರಂತೆ ಬಾರದು. ಅತಿ ಹಳದಿ, ಅತಿ ಮಿನುಗು ಇರುವ ಬೇಳೆ ಆರಿಸುವುದೇಕೆ? ಬಣ್ಣ ಹಚ್ಚಿದ್ದರೆ ಒಂದು ಚಮಚ ಬೇಳೆಯನ್ನು ಲೋಟ ನೀರಿನಲ್ಲಿ ಕದಡಿದಾಗ ನೀರು ಕೂಡಲೇ ಹಳದಿಯಾಗುತ್ತದೆ. ಎಣ್ಣೆ ಸವರಿದ ಬೇಳೆ ಬೇರೆ, ಅದು ಹುಳ ಬಾರದಿರಲು ಮಾಡುವ ಕ್ರಮ, ತೊಳೆದರೆ ಹೋಗುತ್ತದೆ. ಗುಂಡಗಿನ ಬೇಳೆಗಳ ನಡುವೆ ಕೊಡಲಿಯ ಬಾಯಿಯಂತೆ ಒಂದು ಕಡೆ ಓರೆಯಾಗಿ, ಚಪ್ಪಟೆಯಾಗಿ ಇರುವ ಕಾಳು ಕಂಡರೆ ಅದು ಕೇಸರಿ ಬೇಳೆಯ ಬೆರಕೆ, ಬಿಟ್ಟುಬಿಡಿ.

ಉದ್ದಿನಲ್ಲಿ ದೋಸೆ ಇಡ್ಲಿಗೆ ಗುಂಡುಬೇಳೆಯೇ ಲೇಸು, ರುಬ್ಬಿದಾಗ ಹೆಚ್ಚು ಉಬ್ಬುತ್ತದೆ. ಒಡೆದ ಬೇಳೆ ಒಗ್ಗರಣೆಗೆ ಸಾಕು. ಮಳೆಗಾಲದಲ್ಲಿ ಹಿಟ್ಟು ಹುಳಿ ಬಾರದಿದ್ದರೆ ಮೊದಲೇ ಬೇಳೆಯನ್ನು ಬೈಯಬೇಡಿ, ಥಂಡಿಗೆ ಹದಿನಾಲ್ಕು ಹದಿನಾರು ಗಂಟೆ ಹಿಡಿಯುವುದುಂಟು.

ಮೆಣಸಿನಕಾಯಿ

ಇಡೀ ಪಟ್ಟಿಯಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಸಾಮಾನು ಇದು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬ್ಯಾಡಗಿಯಲ್ಲೇ ಎರಡು ಬಗೆ: ಉದ್ದಕ್ಕೆ ತೆಳ್ಳಗೆ ಸುಕ್ಕು ತುಂಬಿದ ಕಡ್ಡಿ, ಗಿಡ್ಡಕ್ಕೆ ದಪ್ಪವಾದ ಡಬ್ಬಿ. ಸಾರಿನ ಪುಡಿಗೆ ಬ್ಯಾಡಗಿ ಮೂರು ಪಾಲು, ಗುಂಟೂರು ಒಂದು ಪಾಲು ಹಾಕಿದರೆ ಬಣ್ಣವೂ ಖಾರವೂ ಹದಕ್ಕೆ ಬರುತ್ತವೆ. ಮೀನು ಸಾರಿಗೆ ಖಾರದ ಪಾಲು ಏರಿಸಿ.

ಹಿಡಿ ಮೆಣಸಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ. ಬೀಜ ಗಲಗಲ ಎಂದರೆ ಒಣಗಿದೆ. ಸದ್ದಿಲ್ಲದೆ, ಮಡಚಿದರೆ ಚರ್ಮದಂತೆ ಬಾಗಿ ಮುರಿಯದೆ ಉಳಿದರೆ ತೇವವಿದೆ: ಅಂದರೆ ನೀವು ನೀರಿಗೂ ಮೆಣಸಿನಕಾಯಿಯ ದರ ಕೊಡುತ್ತಿದ್ದೀರಿ, ಜೊತೆಗೆ ಇಪ್ಪತ್ತು ದಿನದಲ್ಲಿ ಬೂಸ್ಟು ಖಾತ್ರಿ. ಒಂದನ್ನು ಉದ್ದಕ್ಕೆ ಸೀಳಿಸಿ ಒಳಗೆ ನೋಡಿ. ಬೀಜ ತಿಳಿ ಹಳದಿ ಇರಬೇಕು. ಬೂದುಬಣ್ಣದ ನೂಲು, ಕಪ್ಪಗಾದ ಬೀಜ ಕಂಡರೆ ಹೊರಗೆ ಎಷ್ಟು ಕೆಂಪಿದ್ದರೂ ಬೇಡ. ಈ ಬೂಸ್ಟಿನ ವಿಷ ಹುರಿದರೂ ಹೋಗುವುದಿಲ್ಲ. ಹೊರಮೈಯಲ್ಲಿ ಬಿಳಿ ಮಚ್ಚೆಗಳಿದ್ದರೆ ಒಣಗಿಸುವಾಗ ಮಳೆಗೋ ಇಬ್ಬನಿಗೋ ಸಿಕ್ಕ ಮಾಲು. ತೊಟ್ಟು ಇದ್ದದ್ದನ್ನೇ ಕೊಳ್ಳಿ. ತೊಟ್ಟು ಕಿತ್ತ ಮೆಣಸಿನಕಾಯಿ ಶುಚಿಯಾಗಿ ಕಾಣುತ್ತದೆ, ಆದರೆ ತೂತಿನಿಂದ ತೇವ ಒಳಗೆ ಹೋಗಲು ದಾರಿಯಾಗುತ್ತದೆ. ಬಳಸುವ ದಿನ ತೊಟ್ಟು ತೆಗೆದರಾಯಿತು.

ಬ್ಯಾಡಗಿ ಮಾರುಕಟ್ಟೆಗೆ ಹೊಸ ಮಾಲಿನ ಭರಾಟೆ ಜನವರಿಯಿಂದ ಏಪ್ರಿಲ್‌ವರೆಗೆ. ಆಮೇಲೆ ಪೇಟೆಗೆ ಬರುವುದರಲ್ಲಿ ಕೋಲ್ಡ್ ಸ್ಟೋರೇಜಿನ ಮಾಲು ಬಹಳ. ಅದು ಕೆಟ್ಟದ್ದಲ್ಲ, ಬಣ್ಣ ಚೆನ್ನಾಗಿಯೇ ಉಳಿದಿರುತ್ತದೆ. ತೊಂದರೆ ಏನೆಂದರೆ, ತಣ್ಣಗಿನ ಕೋಣೆಯಿಂದ ಮಲೆನಾಡಿನ ಗಾಳಿಗೆ ಬಂದ ಕೂಡಲೇ ಮೈಗೆ ನೀರು ಹತ್ತುತ್ತದೆ. ಆಗಸ್ಟಿನಲ್ಲಿ ಕೊಂಡರೆ ಒಂದೇ ತಿಂಗಳಿಗಾಗುವಷ್ಟು ಕೊಂಡು, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಎಂಟು ಹತ್ತು ನಿಮಿಷ ಬೆಚ್ಚಗೆ ಮಾಡಿ, ಆರಿಸಿ ತುಂಬಿಡಿ.

ಉಳಿದ ಸಂಬಾರ ಸಾಮಾನು

ಕಾಳುಮೆಣಸು ಇಲ್ಲಿಯ ತೋಟದ್ದೇ ಸಿಗುವಾಗ ಪ್ಯಾಕೆಟ್ ಪುಡಿ ಯಾಕೆ? ಭಾರವಾದ, ಸುಕ್ಕುಗಟ್ಟಿದ ಕಪ್ಪು ಕಾಳು ನೋಡಿ. ನೀರಿಗೆ ಹಾಕಿದರೆ ಒಳ್ಳೆಯ ಕಾಳು ಮುಳುಗುತ್ತದೆ. ಜೊಳ್ಳು ಮತ್ತು ಬೆರಕೆಯ ಪಪ್ಪಾಯಿ ಬೀಜ ತೇಲುತ್ತವೆ. ಪಪ್ಪಾಯಿ ಬೀಜ ಮೊಟ್ಟೆಯಾಕಾರ, ಬಣ್ಣ ಕಂದು ಹಸಿರು. ವಿಪರೀತ ಹೊಳಪಿದ್ದರೆ ಎಣ್ಣೆ ಸವರಿದ್ದು, ಮೂಗಿಗೆ ಸೀಮೆಎಣ್ಣೆಯ ಸುಳಿವು ಸಿಕ್ಕರೆ ಮಾತೇ ಬೇಡ. ಏಲಕ್ಕಿಯಲ್ಲಿ ಸಿಪ್ಪೆಯ ಹಸಿರಿಗೆ ಮರುಳಾಗದೆ ಒಂದು ಬಿಡಿಸಿ ನೋಡಿ: ಬೀಜ ಕಪ್ಪಗೆ, ಕೈಗೆ ಸ್ವಲ್ಪ ಅಂಟಬೇಕು. ಗೋಡಂಬಿಯ ಚೀಟಿಯಲ್ಲಿ 240, 320 ಎಂದಿರುವುದು ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಸುಮಾರು ಎಷ್ಟು ಬೀಜ ತೂಗುತ್ತವೆ ಎಂಬ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಬೀಜ ದೊಡ್ಡದು, ಬೆಲೆಯೂ. ಪಾಯಸಕ್ಕೆ ಹೋಳು ಸಾಕು.

ಬೆಲ್ಲ, ಹುಳಿ

ಜೋನಿ ಬೆಲ್ಲ (ಅಚ್ಚು ಕಟ್ಟದ, ನೀರುನೀರಾದ ಬೆಲ್ಲ) ಕೊಳ್ಳುವಾಗ ಡಬ್ಬದ ಮುಚ್ಚಳ ತೆಗೆಸಿ ಮೂಸಿ. ಮೇಲೆ ನೊರೆ, ಹುಳಿ ಹೆಂಡದ ಘಾಟು ಇದ್ದರೆ ಪಾಕ ಎಳೆಯದಾಗಿರುವಾಗಲೇ ಇಳಿಸಿದ್ದಾರೆ ಅಥವಾ ನೀರು ಸೇರಿದೆ. ತಳದಲ್ಲಿ ಹರಳು ಕೂತಿದ್ದರೆ ಅದು ದೋಷವಲ್ಲ. ಚಮಚದಿಂದ ಎತ್ತಿದಾಗ ಎಳೆಯಾಗಿ ಇಳಿಯಬೇಕು. ಮನೆಯಲ್ಲಿ ಒದ್ದೆ ಚಮಚ ಹಾಕಿದ ದಿನದಿಂದ ಅದು ಹುಳಿಯತೊಡಗುತ್ತದೆ. ಅಚ್ಚುಬೆಲ್ಲದಲ್ಲಿ ಬಂಗಾರದ ಹಳದಿಯನ್ನು ದೂರವಿಡಿ, ಆ ಬಣ್ಣ ಸಾಮಾನ್ಯವಾಗಿ ಹೈಡ್ರೋಸ್ ಎಂಬ ರಾಸಾಯನಿಕದ್ದು. ಕಂದು ಬೆಲ್ಲ ನೋಡಲು ಚೆನ್ನಾಗಿಲ್ಲದಿದ್ದರೂ ತಿನ್ನಲು ಚೆನ್ನ. ಮಳೆಗಾಲದಲ್ಲಿ ಅಚ್ಚು ನೀರೊಡೆಯುತ್ತದೆ, ಅರ್ಧ ಕೆಜಿಗಿಂತ ಹೆಚ್ಚು ತರಬೇಡಿ.

ಹುಣಸೆಹುಳಿ ಹೊಸದು ಕೆಂಗಂದು, ಹಳೆಯದು ಕಪ್ಪು. ಬೀಜ ನಾರು ತೆಗೆದದ್ದು ದುಬಾರಿ ಎನಿಸಿದರೂ ಲೆಕ್ಕ ಹಾಕಿದರೆ ಬೀಜದ ಹುಳಿಗೆ ಸರಿಸಮ. ಮಲೆನಾಡಿನ ಅಂಗಡಿಗಳಲ್ಲಿ ಹುಣಸೆಯ ಬದಲು ಅಡುಗೆಗೆ ಹಾಕುವ, ಒಣಗಿಸಿದ ವಾಟೆಹುಳಿ, ಉಪ್ಪಾಗೆ, ಮುರುಗಲು ಸಿಪ್ಪೆಯೂ ಸಿಗುತ್ತವೆ. ಬೇಗ ಕೆಡುವ ಭಯವಿಲ್ಲ, 100 ಗ್ರಾಂ ತಂದು ನೋಡಿ.

ಎಣ್ಣೆ, ಕಾಫಿ, ಪ್ಯಾಕೆಟ್ಟಿನ ಮೇಲಿನ ಅಕ್ಷರ

ಒಂದು ಲೀಟರ್ ಅಡುಗೆ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಅದೇ ಗಾತ್ರದ ಪ್ಯಾಕೆಟ್ಟಿನಲ್ಲಿ 850, 800 ಗ್ರಾಂ ತುಂಬಿ ಮಾರುವುದೂ ಇದೆ. ದರ ನೋಡುವ ಮೊದಲು ತೂಕ ನೋಡಿ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಮಿಗೋ ಮಿಲಿಲೀಟರಿಗೋ ಎಷ್ಟು ಎಂಬ ಬಿಡಿ ದರವನ್ನೂ ಮುದ್ರಿಸಬೇಕೆಂಬ ನಿಯಮವಿದೆ, ಹೋಲಿಸಲು ಅದೊಂದೇ ಸಾಕು. 100 ಗ್ರಾಮಿಗೆ 48 ರೂಪಾಯಿ, 250 ಗ್ರಾಮಿಗೆ 125 ರೂಪಾಯಿ ಎಂದಿದ್ದರೆ ದೊಡ್ಡ ಪ್ಯಾಕೆಟ್ಟೇ ದುಬಾರಿ. "20% ಹೆಚ್ಚುವರಿ" ಎಂಬ ಕೆಂಪು ಪಟ್ಟಿ ಇದ್ದಾಗಂತೂ ಈ ಲೆಕ್ಕ ಬಿಡಬೇಡಿ.

ಕಾಫಿ ಪುಡಿಯಲ್ಲಿ ಚಿಕೋರಿ ಎಷ್ಟು ಪಾಲು ಎಂದು ಪ್ಯಾಕೆಟ್ಟಿನ ಮೇಲೆ ಇರುತ್ತದೆ. ಚಿಕೋರಿ ತೇವ ಹೀರುತ್ತದೆ, ಅದಕ್ಕೇ 60:40ರ ಪುಡಿ ಮಳೆಗಾಲದಲ್ಲಿ 80:20ಕ್ಕಿಂತ ಬೇಗ ಕಲ್ಲಾಗುತ್ತದೆ. ಎದುರಿಗೇ ಪುಡಿ ಮಾಡಿಕೊಡುವ ಕಡೆ 250 ಗ್ರಾಂ ಮಾತ್ರ ಮಾಡಿಸಿ.

ಉಳಿದಂತೆ ಪ್ಯಾಕೆಟ್ಟಿನಲ್ಲಿ ನೋಡಬೇಕಾದದ್ದು ಪ್ಯಾಕಿಂಗ್ ತಾರೀಕು, ಬೆಸ್ಟ್ ಬಿಫೋರ್ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ. ಹಿಟ್ಟು, ಮಸಾಲೆ ಪುಡಿ, ಕುರುಕಲು ತಿಂಡಿಗಳಲ್ಲಿ ಶೆಲ್ಫಿನ ಹಿಂದಿನ ಸಾಲಿನದ್ದನ್ನು ತೆಗೆಯಿರಿ, ಹೊಸದು ಅಲ್ಲಿರುತ್ತದೆ. ಅಂಗಡಿಯವರೇ ಪ್ಲಾಸ್ಟಿಕ್ ಕವರಿಗೆ ತುಂಬಿ, ತಾರೀಕಿಲ್ಲದೆ ನೇತುಹಾಕಿದ ರವೆ ಅವಲಕ್ಕಿಯನ್ನು ಮಳೆಗಾಲದಲ್ಲಿ ಮುಟ್ಟದಿರುವುದೇ ವಾಸಿ.

ತೂಕ, ಬಿಲ್ಲು, ಚೀಲ

ತಕ್ಕಡಿಯ ಮೇಲೆ ಡಬ್ಬ ಇಟ್ಟ ಮೇಲೆ ಅಂಕಿ ಸೊನ್ನೆಗೆ ಬಂದಿದೆಯೇ ನೋಡಿ, ಆಮೇಲೆ ಸಾಮಾನು ಬೀಳಲಿ. ಏಲಕ್ಕಿ, ಕೇಸರಿ, ಗೋಡಂಬಿಯನ್ನು ಅಕ್ಕಿ ತೂಗುವ ದೊಡ್ಡ ತಕ್ಕಡಿಯಲ್ಲಿ ತೂಗಿಸಬೇಡಿ, ಐದು ಗ್ರಾಮಿನ ವ್ಯತ್ಯಾಸ ಅದಕ್ಕೆ ಲೆಕ್ಕಕ್ಕಿಲ್ಲ, ನಿಮ್ಮ ಜೇಬಿಗಿದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಪ್ರತಿ ವರ್ಷ ಬೀಳಬೇಕು. ಬಿಲ್ಲಿನಲ್ಲಿ ಹೆಚ್ಚು ಎಡವುವುದು ಎರಡು ಕಡೆ: ಒಂದೇ ಸಾಮಾನು ಎರಡು ಸಲ ಬಿದ್ದಿರುವುದು, ಶೆಲ್ಫಿನ ಚೀಟಿಯ ದರ ಒಂದು ಬಿಲ್ಲಿನ ದರ ಇನ್ನೊಂದು ಇರುವುದು. ಹಣ ಕೊಡುವ ಮೊದಲೇ ನೋಡಿ.

ಚೀಲ ಮೂರು ಬೇಕು. ಅಕ್ಕಿ ಬೇಳೆಗೆ ಒಂದು, ಎಣ್ಣೆ ಮತ್ತು ಜೋನಿ ಬೆಲ್ಲಕ್ಕೆ ಒಂದು, ಸೋಪು ಫಿನಾಯಿಲ್ ಊದುಬತ್ತಿಗೆ ಬೇರೆ ಒಂದು. ಸ್ಕೂಟರಿನಲ್ಲಿ ಹೋಗುವವರು ಬಟ್ಟೆ ಚೀಲದ ಒಳಗೆ ಖಾಲಿ ಅಕ್ಕಿ ಚೀಲ ಇಟ್ಟುಕೊಂಡರೆ ಸಕ್ಕರೆ, ಉಪ್ಪು ನೆನೆಯುವುದಿಲ್ಲ. ಮೊಟ್ಟೆ, ಹಪ್ಪಳ ಕೊನೆಗೆ ಕೊಳ್ಳಿ, ಮೇಲೆ ಇಡಿ.

ಮನೆಗೆ ತಂದ ಮೇಲೆ

ಹಳೆಯದರ ಮೇಲೆ ಹೊಸದು ಸುರಿಯದೆ ಡಬ್ಬ ಖಾಲಿ ಮಾಡಿ, ಒರೆಸಿ, ಒಲೆಯ ಪಕ್ಕ ಒಂದು ಗಂಟೆ ಬೆಚ್ಚಗಿಟ್ಟು ತುಂಬಿ. ರವೆಯನ್ನು ತಂದ ದಿನವೇ ಹುರಿದಿಡಿ, ಅಥವಾ ಪ್ಯಾಕೆಟ್ ಸಮೇತ ನಾಲ್ಕು ದಿನ ಫ್ರೀಜರಿನಲ್ಲಿಡಿ, ಕಣ್ಣಿಗೆ ಕಾಣದ ಮೊಟ್ಟೆಗಳು ಸಾಯುತ್ತವೆ. ಹೊರತೆಗೆದ ಮೇಲೆ ಪ್ಯಾಕೆಟ್ ಪೂರ್ತಿ ಮಾಮೂಲು ಬಿಸಿಗೆ ಬರುವವರೆಗೆ ಬಿಚ್ಚಬಾರದು, ಬಿಚ್ಚಿದರೆ ಒಳಗೇ ನೀರಾಡುತ್ತದೆ.

ಬೇಳೆಯಲ್ಲಿ ಹುಳ, ಪ್ಯಾಕೆಟ್ಟಿನಲ್ಲಿ ಬೂಸ್ಟು ಕಂಡರೆ ತೊಳೆದು ಬಿಸಿಲಿಗೆ ಹಾಕುವ ಮೊದಲು ಹಾಗೆಯೇ ಫೋಟೊ ತೆಗೆದು, ಬಿಲ್ಲಿನ ಜೊತೆ ಎರಡು ದಿನದೊಳಗೆ ಅಂಗಡಿಗೆ ಒಯ್ಯಿರಿ. ಬಡಾವಣೆಯ ಅಂಗಡಿಯವರು ಬಹುಪಾಲು ಬದಲಿಸಿಕೊಡುತ್ತಾರೆ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆ, ತೂಕದಲ್ಲಿ ಮತ್ತೆ ಮತ್ತೆ ಕಡಿಮೆ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲು ಮತ್ತು ಪ್ಯಾಕೆಟ್ ಎರಡನ್ನೂ ಅಲ್ಲಿಯವರೆಗೆ ಎಸೆಯಬೇಡಿ.